ಸಹಾಯ ಬೇಕು: ಹಳೆಯ ಹಂಚಿನ ಅಕ್ಷರಗಳಲ್ಲಿ ಕಟ್ಟಿದ ಮಸಿ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಗಳೂರು, ಉಡುಪಿ ಕಡೆ ಹಳೆಯ ಮನೆ ಕೆಡವುವಾಗ ಮಾಲೀಕರನ್ನು ಕೇಳಿ ಒಂದೊಂದು ಹಂಚು ತರುವುದು ನನ್ನ ಹವ್ಯಾಸ. ಕೈಗೆ ಸಿಕ್ಕಿದ ಕೂಡಲೇ ಮಗುಚಿ ನೋಡುತ್ತೇನೆ. ಕಾರ್ಖಾನೆಯ ಹೆಸರು, ಊರು, ಮುದ್ರೆ ಎಲ್ಲ ಇರುವುದು ಅಡಿಭಾಗದಲ್ಲಿ. ಅದನ್ನು ಓದುವಾಗ ಆಗುವ ಖುಷಿಯೇ ಬೇರೆ.

ಈಗ ಮಲ್ಪೆ ಕಡೆಯ ಒಂದು ಮನೆಯಿಂದ ಬಾಸೆಲ್ ಮಿಷನ್ನಿನ (ಈ ಕಡೆ ಹಂಚಿನ ಕಾರ್ಖಾನೆ ನಡೆಸುತ್ತಿದ್ದ ಕ್ರೈಸ್ತ ಸಂಸ್ಥೆ) ಹಂಚು ಸಿಕ್ಕಿದೆ. ಒಲೆಯ ಮೇಲಿನ ಮಾಡಿನಲ್ಲಿ ಇದ್ದದ್ದು. ಸೌದೆಯ ಹೊಗೆ ತಾಗಿ ತಾಗಿ ಅಕ್ಷರಗಳ ಸಂದಿಯಲ್ಲಿ ಮಸಿ ಎಣ್ಣೆಜಿಡ್ಡಿನೊಂದಿಗೆ ಗಟ್ಟಿಯಾಗಿದೆ, ಉಗುರಿಗೂ ಜಗ್ಗುವುದಿಲ್ಲ. ಒಬ್ಬರು ಆ್ಯಸಿಡ್ ಹಾಕಿ ಎಂದರು. ನನಗೆ ಧೈರ್ಯವಿಲ್ಲ, ಸುಟ್ಟ ಮಣ್ಣು ದ್ರವವನ್ನು ಒಳಗೆ ಹೀರಿಕೊಳ್ಳುತ್ತದೆ. ತಂತಿ ಬ್ರಷ್ಷಂತೂ ಬೇಡವೇ ಬೇಡ. ಅಕ್ಷರದ ಅಂಚು ಸವೆಯದಂತೆ ಶುಚಿ ಮಾಡಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.

ಇಂಥ ಹಂಚುಗಳಲ್ಲಿ ಕಾಣುವ 1865 ಎಂಬುದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಕಾರ್ಖಾನೆ ಆರಂಭವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಸೇರಿದವು. ಆ ಹೆಸರಿನ ಹಂಚು ನನ್ನ ಬಳಿ ಇಲ್ಲ. ನಿಮ್ಮ ಹಿತ್ತಲಲ್ಲೋ ಕೊಟ್ಟಿಗೆಯ ಬದಿಯಲ್ಲೋ ಇದ್ದರೆ, ಅಂಚು ಒಡೆದಿದ್ದರೂ ಪರವಾಗಿಲ್ಲ, ನಾನೇ ಬಂದು ಒಯ್ಯುತ್ತೇನೆ.

ಹಂಚಿನ ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನೂ ಒಮ್ಮೆ ಕೇಳಿ ನೋಡಿ. ಹಂಚಿನ ಚಿತ್ರವನ್ನು ಕೆಳಗೆ ಹಾಕಿದ್ದೇನೆ.