ಪದಚರ್ಚೆ: ‘ಅಲ್ಟ್ರಾಲೈಟ್’, ‘ಸ್ಪಾರ್’, ‘ರಿಬ್’ – ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಶಿವಮೊಗ್ಗದ ಒಂದು ಹೈಸ್ಕೂಲಿನ ವಿಜ್ಞಾನ ಮೇಳಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಹತ್ತು ಗಂಟೆಗೆ ಪ್ರಿಂಟಿಗೆ ಹೋಗಬೇಕು. ಹವ್ಯಾಸಿಗಳು ನಕ್ಷೆ ನೋಡಿ ಮನೆಯಲ್ಲೇ ಕಟ್ಟಿಕೊಳ್ಳುವ ಒಂಟಿ ಸೀಟಿನ ತೀರಾ ಹಗುರ ವಿಮಾನ, ‘ಅಲ್ಟ್ರಾಲೈಟ್’, ಇದೆಯಲ್ಲ, ಅದರ ರೆಕ್ಕೆಯ ಮಾದರಿಯನ್ನು ಮಕ್ಕಳು ಮಾಡಿದ್ದಾರೆ. ಅಮೆರಿಕದ ನಿಯಮದಲ್ಲಿ ಇಂಥ ವಿಮಾನದ ಖಾಲಿ ತೂಕ 254 ಪೌಂಡಿಗಿಂತ, ಅಂದರೆ ಸುಮಾರು 115 ಕೆಜಿಗಿಂತ, ಕಡಿಮೆ ಇರಬೇಕು. ನಾನು ‘ಅತಿಲಘು ಸ್ವನಿರ್ಮಿತ ವಿಮಾನ’ ಎಂದು ಬರೆದೆ. ಎಂಟನೇ ಕ್ಲಾಸಿನ ಹುಡುಗಿ ಓದಿ, “ಅದೇ ತನ್ನನ್ನು ಕಟ್ಕೊಳ್ಳುತ್ತಾ ಸಾರ್?” ಅಂದಳು. ಬೇರೆ ಪದ ಕೊಡಿ. ರೆಕ್ಕೆಯೊಳಗಿನ ಚೌಕಟ್ಟಿನ ಭಾಗಗಳಾದ ಸ್ಪಾರ್, ರಿಬ್‌ಗೂ ಬೇಕು.

ಮೊದಲ ಉತ್ತರ:
‘ವಿಮಾನ’ವೇ ಸಂಸ್ಕೃತ. ಮೊದಲು ಅದನ್ನು ಬಿಡಿ. ಬಾನ್ + ತೇರು, ಬಾನ್ದೇರು. ‘ಹಗುರ ಬಾನ್ದೇರು’ ಎಂದು ಹಾಕಿ. ಚರ್ಚೆಗೆ ಏನೂ ಇಲ್ಲ.

ಎರಡನೇ ಉತ್ತರ:
ಒಪ್ಪುವುದಿಲ್ಲ. 2023ರಲ್ಲಿ ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಯಿತು. ನಮ್ಮೂರ ಅಜ್ಜಿಯಂದಿರೂ ತಲೆಯೆತ್ತಿ ‘ವಿಮಾನ’ ಅಂತಲೇ ಅನ್ನುತ್ತಾರೆ. ಅವರ ಬಾಯಲ್ಲಿರುವ ಪದವನ್ನು ಕಿತ್ತುಕೊಂಡು ಏನು ಸಾಧಿಸುತ್ತೀರಿ? ಅಲ್ಲದೆ ತೇರು ಅಂದರೆ ನೂರು ಜನ ಹಗ್ಗ ಹಿಡಿದು ಎಳೆಯುವ ಭಾರ. ಹಗುರಕ್ಕೂ ಅದಕ್ಕೂ ಎಲ್ಲಿಯ ನಂಟು? ‘ಮನೆಯಲ್ಲೇ ಕಟ್ಟಿದ ಹಗುರ ವಿಮಾನ’ ಸಾಕು. ಪಕ್ಕದಲ್ಲಿ ಒಂದು ಸಲ ‘ಅಲ್ಟ್ರಾಲೈಟ್’ ಅಂತ ಬರೆಯಿರಿ, ಮಕ್ಕಳು ಮುಂದೆ ಹುಡುಕಿ ಓದಬೇಕಲ್ಲ.

ಇನ್ನೆರಡಕ್ಕೆ ನಿಘಂಟು ತೆಗೆಯಬೇಡಿ, ಹಂಚಿನ ಮಾಡು ನೋಡಿ. ಉದ್ದಕ್ಕೂ ಹೋಗಿ ಭಾರ ಹೊರುವುದು ತೊಲೆ. ಅದರ ಮೇಲೆ ಅಡ್ಡಕ್ಕೆ ಸಾಲಾಗಿ ಕೂರುವುದು ಪಕಾಸಿ. ರೆಕ್ಕೆಯೂ ಹಾಗೇ. ಬುಡದಿಂದ ತುದಿಯವರೆಗೆ ಸ್ಪಾರ್, ಅಡ್ಡಕ್ಕೆ ರಿಬ್, ಹೊದಿಕೆಗೆ ಹಂಚಿನ ಬದಲು ಬಟ್ಟೆ. ಆದರೆ ರಿಬ್‌ನ ಮೇಲಂಚು ಬಾಗಿರುತ್ತದೆ, ರೆಕ್ಕೆಗೆ ಆಕಾರ ಬರುವುದೇ ಆ ಬಾಗಿನಿಂದ. ನಮ್ಮ ಮನೆ ರಿಪೇರಿಗೆ ಬಂದಿದ್ದ ಬಡಗಿಗೆ ಚಿತ್ರ ತೋರಿಸಿದೆ. ಬೆರಳಿಟ್ಟು, “ಇದು ತೊಲೆ, ಇವು ಪಕಾಸಿ, ಅಲ್ವಾ?” ಅಂದರು. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ವಿಮಾನ ಕಟ್ಟಿದ ಮೊದಲಿಗರಲ್ಲಿ ಒಬ್ಬನಾದ ಬ್ರೆಜಿಲ್‌ನ ಸ್ಯಾಂಟೋಸ್ ಡ್ಯೂಮಾಂಟ್ ನೂರು ವರ್ಷದ ಹಿಂದೆಯೇ ತನ್ನ ‘ಡೆಮೊಯ್ಸೆಲ್’ ವಿಮಾನದ ಒಡಲನ್ನು ಬಿದಿರಿನಲ್ಲಿ ಕಟ್ಟಿದ. ನಕ್ಷೆಯನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟ. ಮರ, ಬಿದಿರಿನ ಕೆಲಸಕ್ಕೆ ಮಲೆನಾಡಿನವರು ಹೊಸ ಪದ ಹೊಸೆಯಬೇಕಾ?

ಮೊದಲ ಉತ್ತರ ಬರೆದವರಿಂದ:
‘ಪಕಾಸಿ’ ಕನ್ನಡದ್ದೇ ಅಂತ ಯಾರು ಹೇಳಿದರು?

ಪ್ರಶ್ನೆ ಕೇಳಿದವರಿಂದ:
ತೊಲೆ, ಪಕಾಸಿ ಹಾಕುತ್ತಿದ್ದೇನೆ. ತೀರ್ಥಹಳ್ಳಿ, ಸಾಗರದ ಕಡೆಯೂ ಪಕಾಸಿ ಅಂತಲೇ ಅನ್ನುತ್ತಾರಾ? ಗೊತ್ತಿದ್ದವರು ಬೆಳಿಗ್ಗೆ ಒಂಬತ್ತರೊಳಗೆ ತಿಳಿಸಿ.