ಪದ ಬೇಕು: ನೆಲದಿಂದ ಏಳುವ ಬೆಳಕಿಗೆ ಏನನ್ನೋಣ? ಕೊಳ್ಳಿದೆವ್ವ ನಡೆಯುತ್ತದೆಯೇ?

ಗೆಳೆಯರೇ,

ಒಂದು ಪದದ ಹತ್ತಿರ ಸಿಕ್ಕಿಕೊಂಡು ಮೂರು ದಿನ ಆಯಿತು. ಮಕ್ಕಳ ವಿಜ್ಞಾನ ಪತ್ರಿಕೆಯೊಂದಕ್ಕೆ ಹಾರುವ ತಟ್ಟೆಗಳ ಬಗ್ಗೆ ಬರೆಯುತ್ತಿದ್ದೇನೆ. ಅನ್ಯಗ್ರಹದವರ ಕತೆ ಅಲ್ಲ. ಜನ ಕಂಡೆವು ಅನ್ನುವ ಬೆಳಕುಗಳಲ್ಲಿ ಕೆಲವು ನಮ್ಮ ನೆಲದಿಂದಲೇ ಎದ್ದವಾಗಿರಬಹುದು ಅನ್ನುವ ವಾದ ಇದೆಯಲ್ಲ, ಅದು. ಇಂಗ್ಲಿಷಿನಲ್ಲಿ ಅರ್ಥ್ ಲೈಟ್ಸ್ ಅನ್ನುತ್ತಾರೆ. ಭೂಕಂಪದ ಜೊತೆ ಬಂದರೆ ಅರ್ಥ್‌ಕ್ವೇಕ್ ಲೈಟ್ಸ್. ಕನ್ನಡದಲ್ಲಿ?

ಮೊದಲು ಹಾರುವ ತಟ್ಟೆಯ ವಿಷಯ ಮುಗಿಸಿಬಿಡುತ್ತೇನೆ. ಆ ಹೆಸರು ಹುಟ್ಟಿದ್ದೇ ಒಂದು ಮಾತಿನ ಎಡವಟ್ಟಿನಿಂದ. 1947ರ ಜೂನ್ 24ರಂದು ಅಮೆರಿಕದ ಕೆನ್ನೆತ್ ಆರ್ನಾಲ್ಡ್ ಎಂಬ ಪೈಲಟ್ ಮೌಂಟ್ ರೇನಿಯರ್ ಹತ್ತಿರ ಹೊಳೆಯುವ ಒಂಬತ್ತು ವಸ್ತುಗಳನ್ನು ಕಂಡೆ ಎಂದ. ನೀರಿನ ಮೇಲೆ ಸಾಸರ್ ಬೀಸಿದರೆ ಹೇಗೆ ಕುಪ್ಪಳಿಸುತ್ತದೋ ಹಾಗೆ ಹೋದವು ಅಂತ ತಾನು ಹೇಳಿದ್ದು, ಅದು ಚಲನೆಯ ಬಗ್ಗೆ ಮಾತ್ರ, ಎಂದು ಆಮೇಲೆ ಅಲವತ್ತುಕೊಂಡ. ಪತ್ರಿಕೆಗಳು ಅದನ್ನೇ ಆಕಾರ ಮಾಡಿದವು. ಕೆರೆಯ ಮೇಲೆ ಚಪ್ಪಟೆ ಕಲ್ಲು ಬೀಸಿ ಆಡಿದವರಿಗೆ ಅವನ ಮಾತು ಥಟ್ಟನೆ ತಿಳಿಯುತ್ತದೆ, ಅಲ್ವಾ? ನಮ್ಮವರು ಸಾಸರನ್ನು ಊಟದ ತಟ್ಟೆ ಮಾಡಿ ಇನ್ನೂ ಒಂದು ಸುತ್ತು ದೊಡ್ಡದು ಮಾಡಿದರು. ಕಪ್ಪು-ಬಸಿ ಅನ್ನುವ ಕಡೆ ಈ ಅನುವಾದ ಆಗಿದ್ದರೆ ‘ಹಾರುವ ಬಸಿ’ ಆಗುತ್ತಿತ್ತೇನೋ.

ಅಮೆರಿಕದ ವಾಯುಪಡೆಯವರು ಇದಕ್ಕೇ ಬೇಸತ್ತು ಯುಎಫ್ಒ ಅನ್ನುವ ಒಣ ಹೆಸರು ತಂದರು. ಕನ್ನಡದ ‘ಗುರುತಿಸಲಾಗದ ಹಾರುವ ವಸ್ತು’ ಅದರ ನೇರ ಅನುವಾದ. ಆದರೆ ನನ್ನ ಬೆಳಕು ವಸ್ತುವೂ ಅಲ್ಲ, ಹಾರುತ್ತದೆ ಅನ್ನುವ ಹಾಗೂ ಇಲ್ಲ. ‘ಸೈಟಿಂಗ್’ ಅನ್ನುವುದಕ್ಕೆ ‘ದರ್ಶನ’ ಅಂತ ಹಾಕಿದ್ದೆ. ಓದಿದ ಹೆಂಡತಿ, ‘ಹಣ್ಣುಕಾಯಿ ತಗೊಂಡು ಹೋಗಬೇಕಾ?’ ಅಂತ ಕೇಳಿದಳು. ಈಗ ‘ಕಣ್ಣಿಗೆ ಬಿದ್ದದ್ದು’ ಅಂತ ತಿದ್ದಿದ್ದೇನೆ.

ಸರಿ, ಕೊಳ್ಳಿದೆವ್ವ. ಕೊಳ್ಳಿ ಅಂದರೆ ಉರಿಯುವ ಕಟ್ಟಿಗೆ. ನಮ್ಮ ಅಜ್ಜಿಯ ಪ್ರಕಾರ ಅದು ಗದ್ದೆ ಬಯಲಿನಲ್ಲಿ ಓಡಾಡುತ್ತದೆ. ಬಾಯಿ ತೆರೆದರೆ ಬೆಂಕಿ, ಮುಚ್ಚಿದರೆ ಕತ್ತಲೆ. ಬೆಳಕು ಹತ್ತಿ ಆರುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗಂತೂ ಆಗುವುದಿಲ್ಲ. ತೊಂದರೆ ಏನೆಂದರೆ, ಶಾಲೆಯಲ್ಲಿ ಓದಿದವರಿಗೆಲ್ಲ ಕೊಳ್ಳಿದೆವ್ವ ಅಂದರೆ ಜೌಗಿನ ಅನಿಲ, ಮೀಥೇನ್ ಅಂತ ಬಾಯಿಪಾಠ ಆಗಿದೆ. 1966ರಲ್ಲಿ ಮಿಷಿಗನ್‌ನ ಜನ ಬೆಳಕು ಕಂಡಾಗ, ವಾಯುಪಡೆಯ ಸಲಹೆಗಾರರಾಗಿದ್ದ ಖಗೋಳ ವಿಜ್ಞಾನಿ ಅಲೆನ್ ಹೈನೆಕ್ ಅದು ಜೌಗಿನ ಅನಿಲ ಆಗಿರಬಹುದು ಅಂದರು. ದೇಶವೇ ನಕ್ಕಿತು. ಅಂಥ ಹಣೆಪಟ್ಟಿ ಅಂಟಿದ ಪದವನ್ನು ಬಂಡೆಯಿಂದ ಬಂದ ಬೆಳಕಿಗೆ ಹಚ್ಚಲು ಮನಸ್ಸು ಒಪ್ಪುತ್ತಿಲ್ಲ.

ಯಾಕೆಂದರೆ ಭೂಕಂಪದ ಬೆಳಕಿನ ಕತೆಯೇ ಬೇರೆ. 2009ರ ಏಪ್ರಿಲ್ 6ರ ನಸುಕಿನಲ್ಲಿ ಇಟಲಿಯ ಲಾಕ್ವಿಲಾ ಊರು ನಡುಗುವ ಕೆಲವೇ ಸೆಕೆಂಡು ಮೊದಲು, ಕಲ್ಲು ಹಾಸಿದ ಬೀದಿಯ ಮೇಲೆ ಸುಮಾರು 10 ಸೆಂಟಿಮೀಟರ್ ಎತ್ತರದ ಜ್ವಾಲೆಗಳು ಮಿನುಗಿದ್ದನ್ನು ದಾರಿಹೋಕರು ಕಂಡರಂತೆ. ಗೇಣುದ್ದವೂ ಇಲ್ಲ! 1988ರ ನವೆಂಬರ್‌ನಲ್ಲಿ ಕೆನಡಾದ ಕ್ವಿಬೆಕ್ ಕಡೆ ಕಂಪಕ್ಕೆ ಕೆಲವು ದಿನ ಮೊದಲೇ ನೇರಳೆ-ಗುಲಾಬಿ ಬಣ್ಣದ ಗೋಳವೊಂದು ಸೇಂಟ್ ಲಾರೆನ್ಸ್ ನದಿಯ ಗುಂಟ ಹೋಯಿತಂತೆ. ಅಂಥದ್ದನ್ನು ಕಂಡವನು ಭೂಕಂಪದ ಸುದ್ದಿ ತಿಳಿಯದೆ ಹಾರುವ ತಟ್ಟೆ ಅಂದರೆ ತಪ್ಪೇನು? ಜಪಾನಿನ ಮತ್ಸುಶಿರೊದಲ್ಲಿ 1965ರಿಂದ ಕಂಪಗಳ ಸರಮಾಲೆಯೇ ನಡೆದಾಗ ಇಂಥ ಬೆಳಕಿನ ಫೋಟೋ ಸಿಕ್ಕಿತು. ಅಲ್ಲಿಯವರೆಗೆ ಬಹಳ ಜನ ವಿಜ್ಞಾನಿಗಳು ಇದನ್ನು ಸುಮ್ನೆ ಗಾಳಿಮಾತು ಅನ್ನುತ್ತಿದ್ದರು.

ಕಾರಣ? ಫ್ರೀಡೆಮನ್ ಫ್ರಾಯ್ಂಡ್ ಎಂಬ ವಿಜ್ಞಾನಿಯ ವಾದ ಹೀಗಿದೆ: ಬಸಾಲ್ಟ್, ಗ್ಯಾಬ್ರೊದಂಥ ಬಂಡೆಗಳನ್ನು ಜೋರಾಗಿ ಒತ್ತಿದರೆ ಅವುಗಳೊಳಗಿನ ಆಕ್ಸಿಜನ್-ಆಕ್ಸಿಜನ್ ಕೊಂಡಿ ಮುರಿಯುತ್ತದೆ. ಆಗ ಬಿಡುಗಡೆಯಾಗುವ ಧನ ವಿದ್ಯುತ್ತು ಬಿರುಕಿನ ಗುಂಟ ಮೇಲೇರಿ ಗಾಳಿಯನ್ನು ಬೆಳಗಿಸುತ್ತದೆ. 2014ರಲ್ಲಿ ಅವರೂ ಜೊತೆಗಾರರೂ ಇಂಥ 65 ಪ್ರಕರಣಗಳನ್ನು ಜೋಡಿಸಿ ನೋಡಿದಾಗ ಜಾಸ್ತಿ ಪಾಲು ನೆಲ ಸೀಳಿಕೊಳ್ಳುವ ಕಣಿವೆಗಳ ಹತ್ತಿರವೇ ಇದ್ದವು. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೂ ನೆಲ, ಬಂಡೆ, ಒತ್ತಡ ಅನ್ನುವ ಮೂರು ಈ ಪದದಲ್ಲಿ ಎಲ್ಲೋ ಸುಳಿಯಬೇಕು ಅನ್ನುವುದು ನನ್ನ ಆಸೆ.

‘ಭೂಬೆಳಕು’ ಅಂದರೆ ಅರಿಸಮಾಸ ಅಂತ ನೀವೇ ಹೊಡೆಯಲು ಬರುತ್ತೀರಿ. ‘ಕಂಪಬೆಳಕು’ ಮಲ್ಲಿಗೆಯಿಂದ ಬಂದ ಹಾಗೆ ಕೇಳುತ್ತದೆ. ಧ್ರುವಪ್ರಭೆಯ ಮಾದರಿಯಲ್ಲಿ ‘ಕಂಪನಪ್ರಭೆ’ ಆಗಬಹುದು, ಆದರೆ ಮಕ್ಕಳು ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ ಉಗಿಯುತ್ತಾರೆ. ‘ನೆಲಬೆಳಕು’ ನನಗೆ ಇಷ್ಟ. ಹಳಗನ್ನಡದ ಆದೇಶಸಂಧಿ ಹಿಡಿದರೆ ‘ನೆಲವೆಳಕು’ ಆಗಬೇಕು ಅಂತ ಯಾರಾದರೂ ಹೇಳಬಹುದು. ನೆಲಮಾಳಿಗೆಯನ್ನು ನಾವು ನೆಲವಾಳಿಗೆ ಮಾಡಲಿಲ್ಲವಲ್ಲ, ಇದನ್ನೂ ಹಾಗೇ ಬಿಡೋಣ.

ಹುಡುಕುತ್ತಾ ಹೋದಾಗ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಒಂದು ಸಂಗತಿ ಸಿಕ್ಕಿತು. ಅಲ್ಲಿ ‘ದಿಗ್ದಾಹ’ದ ಅಧ್ಯಾಯ ಇದೆ. ದಿಕ್ಕುಗಳು ಹತ್ತಿಕೊಂಡಂತೆ ಹೊಳೆಯುವುದು. ಅದರ ಮುಂದಿನದೇ ಭೂಕಂಪದ ಅಧ್ಯಾಯ, ಆಮೇಲೆ ಉಲ್ಕೆ. ಎಲ್ಲವೂ ಶಕುನಗಳೇ, ಹಾಗಾಗಿ ಪಕ್ಕಪಕ್ಕ ಇರುವುದರಿಂದ ಅವನಿಗೆ ನೆಲಬೆಳಕು ಗೊತ್ತಿತ್ತು ಅನ್ನುವುದು ಅತಿಯಾದೀತು. ಆದರೆ ‘ಉಲ್ಕೆ’ಗೆ ಸಂಸ್ಕೃತದಲ್ಲಿ ಕೊಳ್ಳಿ ಅನ್ನುವ ಅರ್ಥವೂ ಇದೆ. ಬಾಯಲ್ಲಿ ಉಲ್ಕೆ ಇರುವ ಪ್ರೇತಕ್ಕೆ ‘ಉಲ್ಕಾಮುಖ’ ಅನ್ನುತ್ತಾರೆ. ಅಜ್ಜಿಯ ಕೊಳ್ಳಿದೆವ್ವವೇ ಪಂಚೆ ಉಟ್ಟು ಬಂದಂತಿದೆ.

ಇನ್ನೊಂದು ತಲೆನೋವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಬಯಲಿನಲ್ಲಿ ಕಾಣುವ ಮಿನ್ ಮಿನ್ ಬೆಳಕನ್ನು ಜ್ಯಾಕ್ ಪೆಟಿಗ್ರೂ ಎಂಬ ವಿಜ್ಞಾನಿ 2003ರಲ್ಲಿ ಬಿಡಿಸಿದರು. ತಂಪು ಗಾಳಿಯ ಪದರ ನೆಲಕ್ಕೆ ಅಂಟಿಕೊಂಡು, ಮೇಲೆ ಬಿಸಿ ಗಾಳಿ ಇದ್ದರೆ, ಬಹು ದೂರದ ದೀಪ ಬಾಗಿ ಬಂದು ಕಣ್ಣೆದುರೇ ತೇಲುತ್ತದೆ. ಮರೆಯಲ್ಲಿ, ಹತ್ತು ಕಿಲೋಮೀಟರ್ ಆಚೆ ಕಾರಿನ ದೀಪ ಹಚ್ಚಿಸಿ ಅದನ್ನು ತೋರಿಸಿಯೂ ಬಿಟ್ಟರು. ಇದು ಮರೀಚಿಕೆಯೇ. ಆದರೆ ನಮ್ಮ ಚೆಂದದ ಪದ ‘ಬಿಸಿಲ್ಗುದುರೆ’. ರಾತ್ರಿ ಓಡುವ ಬಿಸಿಲ್ಗುದುರೆಗೆ ಏನನ್ನುವುದು? ‘ಇರುಳ್ಗುದುರೆ’ ಅಂದುಕೊಂಡೆ, ನಗು ಬಂತು, ಆದರೂ ಅಳಿಸಿಲ್ಲ.

ಕೊನೆಗೆ ನಾರ್ವೆಯ ಹೆಸ್‌ಡಾಲೆನ್ ಕಣಿವೆ. 1981ರ ಕೊನೆಯಿಂದ 1984ರವರೆಗೆ ವಾರಕ್ಕೆ ಹದಿನೈದು-ಇಪ್ಪತ್ತು ಸಲ ಬೆಳಕು ಕಂಡ ಜಾಗ. 1998ರಿಂದ ಅಲ್ಲಿ ತಾನಾಗಿ ನಡೆಯುವ ಕ್ಯಾಮೆರಾ ಕೇಂದ್ರವೇ ಇದೆ. ಕಣಿವೆಯ ಒಂದು ಬದಿಯ ಬಂಡೆಯಲ್ಲಿ ತಾಮ್ರ, ಇನ್ನೊಂದು ಬದಿಯಲ್ಲಿ ಸತು ಮತ್ತು ಕಬ್ಬಿಣ, ನಡುವೆ ಗಂಧಕದ ನದಿ, ಒಟ್ಟು ಇಡೀ ಕಣಿವೆಯೇ ಬ್ಯಾಟರಿ ಅನ್ನುತ್ತಾರೆ ಕೆಲವರು. ಕೆಲವು ಬೆಳಕು ಕಾರಿನ ದೀಪ ಅಂತ ತೋರಿಸಿದವರೂ ಇದ್ದಾರೆ. ಉಳಿದದ್ದು ಇನ್ನೂ ಬಿಡಿಸಿಲ್ಲ. ಇದನ್ನು ನೆಲಬೆಳಕು ಅಂದರೆ ನಾನೇ ತೀರ್ಪು ಕೊಟ್ಟ ಹಾಗಾಗುತ್ತದೆ. ಹಾಗಾಗಿ ಇಲ್ಲಿ ಬರೀ ‘ಹೆಸ್‌ಡಾಲೆನ್ ಬೆಳಕು’ ಅಂತ ಬಿಟ್ಟಿದ್ದೇನೆ.

ನನ್ನ ಪ್ರಶ್ನೆ ಎರಡು. ಭೂಕಂಪದ ಜೊತೆ ಬರುವುದಕ್ಕೆ ಮಾತ್ರ ‘ನೆಲಬೆಳಕು’ ಅಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಮತ್ತೆ, ನಿಮ್ಮ ಸೀಮೆಯಲ್ಲಿ ರಾತ್ರಿ ಅಲೆಯುವ ಬೆಳಕಿಗೆ ಕೊಳ್ಳಿದೆವ್ವ ಬಿಟ್ಟು ಬೇರೆ ಹೆಸರು ಇದೆಯೇ? ದೆವ್ವ ಇಲ್ಲದ ಹೆಸರಾದರೆ ಇನ್ನೂ ಒಳ್ಳೆಯದು. ಸೋಮವಾರ ಲೇಖನ ಕಳಿಸಬೇಕು.