ಹೃದಯದ ತೊಂದರೆಯ ಜೊತೆಗೆ ಬಿಡದ ಕಫದ ಕೆಮ್ಮು: ಅನುಭವಿಸಿದವರು ಹೇಳಿದ್ದು

ಸಾಗರದ ಕಡೆಯ ಒಬ್ಬ ಮಗಳ ಪ್ರಶ್ನೆ

ನನ್ನ ತಂದೆಯವರಿಗೆ 71 ವರ್ಷ. ನಾಲ್ಕು ವರ್ಷಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿದ್ದೇವೆ. ಕಳೆದ ಬಾರಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಪಂಪಿಂಗ್, ಅಂದರೆ ಹೃದಯ ಪ್ರತಿ ಬಡಿತಕ್ಕೆ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡಾ 35 ಎಂದು ಬಂದಿದೆ. ಐದು ತಿಂಗಳಿಂದ ಕಫದ ಕೆಮ್ಮು ಅವರನ್ನು ಬಿಟ್ಟಿಲ್ಲ. ಎರಡು ಬಾರಿ ಆಂಟಿಬಯೋಟಿಕ್ ಮುಗಿಸಿದ್ದಾಯಿತು, ಸಿರಪ್ಪಿನ ಖಾಲಿ ಬಾಟಲಿಗಳು ಕಿಟಕಿಯಲ್ಲಿ ಸಾಲಾಗಿ ನಿಂತಿವೆ. ಹೃದಯದ ವೈದ್ಯರು ಇದು ಶ್ವಾಸಕೋಶದ್ದು ಎನ್ನುತ್ತಾರೆ, ಶ್ವಾಸಕೋಶದ ವೈದ್ಯರು ಹೃದಯದ್ದಿರಬೇಕು ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಮನೆಗೆ ಬಂದ ನೆಂಟರೆಲ್ಲ ಬಿಸಿನೀರು, ಕಷಾಯ, ಜ್ಯೇಷ್ಠಮಧು ಎಂದು ಹೇಳಿ ಹೋಗುತ್ತಾರೆ. ಚೀಟಿಯಲ್ಲಿ ನೋಡಿದರೆ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ದ್ರವ ಕೊಡಬಾರದೆಂದು ಬರೆದಿದೆ. ಇಂಥ ಸ್ಥಿತಿಯಲ್ಲಿ ದಿನ ಕಳೆದವರು ಅಥವಾ ಮನೆಯವರನ್ನು ನೋಡಿಕೊಂಡವರು, ಕಫವನ್ನು ಹೇಗೆ ಹೊರಹಾಕಿಸಿದಿರಿ, ರಾತ್ರಿ ಹೇಗೆ ಮಲಗಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಹಾಸನದಿಂದ, ರೋಗಿಯ ಪತ್ನಿ

ತಂಗಿ, ನೀವು ಬರೆದದ್ದನ್ನು ಓದುವಾಗ ಆರು ವರ್ಷಗಳ ಹಿಂದಿನ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನಮ್ಮ ಯಜಮಾನರಿಗೂ ಪಂಪಿಂಗ್ ಕಡಿಮೆ, ಮತ್ತು ಅವರ ಕೆಮ್ಮನ್ನು ಶೀತವೆಂದೇ ತಿಳಿದು ನಾವು ಮೂರು ತಿಂಗಳು ಕಳೆದೆವು. ಕೊನೆಗೆ ನಮಗೆ ಕೈಹಿಡಿದದ್ದು ಒಂದು ತೂಕದ ಯಂತ್ರ ಮತ್ತು ಮಗನ ಹಳೆಯ ನೋಟ್‌ಬುಕ್. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ ಎಂದು ಆಸ್ಪತ್ರೆಯ ಸಿಸ್ಟರ್ ಒಬ್ಬರು ಹೇಳಿದ್ದರು. ಅದರ ಪಕ್ಕದಲ್ಲಿ ಕೆಮ್ಮು ಎಷ್ಟು ಹೊತ್ತಿಗೆ ಬಂತು, ಕಫ ಹೇಗಿತ್ತು ಎಂಬುದನ್ನೂ ನಾನೇ ಸೇರಿಸಿ ಬರೆಯುತ್ತ ಹೋದೆ. ಕೆಲವು ವಾರಗಳಲ್ಲಿ ಅದು ತಾನಾಗಿಯೇ ಮಾತಾಡತೊಡಗಿತು: ಎರಡು ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿದಾಗಲೆಲ್ಲ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು, ನಡುರಾತ್ರಿ ಒಂದೆರಡು ಗಂಟೆಗೆ ಅವರು ಎದ್ದು ಕುಳಿತು ಕೆಮ್ಮುತ್ತಿದ್ದರು, ಬರುತ್ತಿದ್ದ ಕಫ ಸಾಬೂನಿನ ನೊರೆಯಂತೆ ಬಿಳಿಯಾಗಿ, ತೆಳ್ಳಗಿರುತ್ತಿತ್ತು.

ಆ ಪುಟಗಳನ್ನು ನೋಡಿದ ಮೇಲೆಯೇ ವೈದ್ಯರು ಬಿಡಿಸಿ ಹೇಳಿದರು. ಹೃದಯದ ಎಡಭಾಗ ಬಂದ ರಕ್ತವನ್ನು ಪೂರ್ತಿಯಾಗಿ ಮುಂದಕ್ಕೆ ತಳ್ಳಲಾರದಾದಾಗ ಒತ್ತಡ ಹಿಂದಕ್ಕೆ, ಶ್ವಾಸಕೋಶದ ರಕ್ತನಾಳಗಳಿಗೆ ಏರುತ್ತದೆ, ಅಲ್ಲಿಂದ ನೀರು ಗಾಳಿಗೂಡುಗಳಿಗೆ ಜಿನುಗುತ್ತದೆ. ಮಲಗಿದಾಗ ಕಾಲಿನಲ್ಲಿ ನಿಂತಿದ್ದ ನೀರೂ ರಕ್ತಕ್ಕೆ ಮರಳುವುದರಿಂದ ರಾತ್ರಿಯ ಹೊತ್ತು ಕೆಮ್ಮು ಜೋರಾಗುತ್ತದೆ. ಅಂಥ ಕೆಮ್ಮಿಗೆ ಸಿರಪ್ ಏನು ಮಾಡೀತು? ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಲೇಸಿಕ್ಸ್ ಮಾತ್ರೆಯ ಪ್ರಮಾಣವನ್ನು ಅವರು ಸರಿಪಡಿಸಿದ ಮೇಲೆ ವಾರದೊಳಗೆ ರಾತ್ರಿಯ ಕೆಮ್ಮು ತಗ್ಗಿತು.

ಆದರೂ ಆಗಾಗ ಮರುಕಳಿಸುತ್ತಿತ್ತು, ಮತ್ತು ಅದರ ಕಾರಣ ಗೊತ್ತಾದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮದುವೆ, ತಿಥಿ ಎಂದು ಬಸ್ಸು ಹತ್ತುವ ದಿನ, ದಾರಿಯಲ್ಲಿ ಮೂತ್ರಕ್ಕೆ ಇಳಿಯಬೇಕಾದೀತೆಂಬ ಸಂಕೋಚದಿಂದ, ಇವರು ಮಾತ್ರೆಯನ್ನೇ ನುಂಗುತ್ತಿರಲಿಲ್ಲ. ಈಗ ವೈದ್ಯರನ್ನು ಕೇಳಿಯೇ, ಪ್ರಯಾಣದ ದಿನ ಊರು ತಲುಪಿದ ಮೇಲೆ ತೆಗೆದುಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದೇವೆ. ಇನ್ನೊಂದು ಕಳ್ಳತನ ಉಪ್ಪಿನದು. ಸಾರಿಗೆ ಉಪ್ಪು ಕಡಿಮೆ ಹಾಕಿ ನಾನು ನೆಮ್ಮದಿಯಾಗಿದ್ದರೆ, ಅವರು ಮಜ್ಜಿಗೆ ಅನ್ನಕ್ಕೆ ಬಾಳಕದ ಮೆಣಸಿನಕಾಯಿ, ಹಪ್ಪಳ, ಉಪ್ಪಿನಕಾಯಿಯ ರಸ ಎಲ್ಲವನ್ನೂ ನಂಜಿಕೊಳ್ಳುತ್ತಿದ್ದರು. ಮಲಗುವ ವಿಷಯಕ್ಕೆ ಬಂದರೆ, ಮೂರು ದಿಂಬು ಇಟ್ಟಾಗ ಕತ್ತು ಮಡಚಿ ನೋವಾಗುತ್ತಿತ್ತು. ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಇಡೀ ಮಂಚವನ್ನೇ ಓರೆ ಮಾಡಿದ ಮೇಲೆ ನಿದ್ದೆ ಹತ್ತಿತು.

ಮೈಸೂರಿನಿಂದ, ನಿವೃತ್ತ ಶಿಕ್ಷಕ, ಸ್ವತಃ ರೋಗಿ

ಹಾಸನದ ಸಹೋದರಿಯವರು ಹೇಳಿದ್ದು ಅವರ ಮನೆಯ ಮಟ್ಟಿಗೆ ನಿಜ; ನನ್ನ ಕಥೆ ಅದಕ್ಕೆ ತಿರುವುಮುರುವಾದದ್ದು. ಚಿಕ್ಕಂದಿನಲ್ಲಿ ಬಂದ ರೂಮ್ಯಾಟಿಕ್ ಜ್ವರದಿಂದ ನನ್ನ ಹೃದಯದ ಮೈಟ್ರಲ್ ಕವಾಟ ಕೆಟ್ಟು, ಅದರ ಜಾಗದಲ್ಲಿ ಲೋಹದ ಕವಾಟ ಕೂತಿದೆ. ಆ ಕಾರಣಕ್ಕೆ ನನಗೆ ಕೆಮ್ಮು ಬಂದಾಗಲೆಲ್ಲ ಎಲ್ಲರೂ, ನಾನೂ ಸೇರಿ, ಅದನ್ನು ಹೃದಯದ ಲೆಕ್ಕಕ್ಕೆ ಬರೆದೆವು. ನನ್ನ ಕಫ ಮಾತ್ರ ನೊರೆಯಂತಿರಲಿಲ್ಲ. ಬೆಳಿಗ್ಗೆ ಎದ್ದ ಮೇಲೆ ಹಳದಿ ಬಣ್ಣದ ಗಟ್ಟಿ ಕಫ ಅರ್ಧ ಲೋಟದಷ್ಟು ಬೀಳುತ್ತಿತ್ತು, ತೂಕ ಏರುತ್ತಿರಲಿಲ್ಲ, ಕಾಲು ಊದುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಹೆಚ್ಚೇನೂ ಕಾಣದಿದ್ದದ್ದು ಸಿಟಿ ಸ್ಕ್ಯಾನ್‌ನಲ್ಲಿ ಕಂಡಿತು: ಹಳೆಯ ಕ್ಷಯದ ಗಾಯದಿಂದ ಕೆಲವು ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ, ಅವುಗಳಲ್ಲಿ ಕಫ ಕೆರೆಯ ನೀರಿನಂತೆ ಮಡುಗಟ್ಟುತ್ತಿತ್ತು. ಇದಕ್ಕೆ ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ.

ಆದ್ದರಿಂದ ನನ್ನ ಮೊದಲ ವಿನಂತಿ: ನಿಮ್ಮ ತಂದೆಯವರ ಕಫವನ್ನು ಕ್ಷಯಕ್ಕಾಗಿ ಪರೀಕ್ಷಿಸಿಲ್ಲವಾದರೆ ನಾಳೆಯೇ ಮಾಡಿಸಿ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಉಚಿತ. ಕೊಡಬೇಕಾದದ್ದು ಎದೆಯ ಆಳದಿಂದ ಕೆಮ್ಮಿ ತೆಗೆದ ಮುಂಜಾನೆಯ ಕಫ. ಬಾಯಿಯ ಎಂಜಲು ಕೊಟ್ಟು ಬಂದರೆ ಪರೀಕ್ಷೆ ಮಾಡಿಸಿಯೂ ಪ್ರಯೋಜನವಿಲ್ಲ.

ಕಫ ಹೊರಹಾಕುವ ಬಗೆಯನ್ನು ನನಗೆ ಕಲಿಸಿದವರು ಒಬ್ಬ ಫಿಸಿಯೋಥೆರಪಿಸ್ಟ್. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕುಳಿತು ಒಂದು ನಿಮಿಷ ಭುಜ ಸಡಿಲಿಸಿ ಮೆಲ್ಲಗೆ ಉಸಿರಾಡುತ್ತೇನೆ. ಆಮೇಲೆ ಮೂರು ನಾಲ್ಕು ಬಾರಿ ಮೂಗಿನಿಂದ ಆಳವಾಗಿ ಎಳೆದು, ಎರಡು ಮೂರು ಸೆಕೆಂಡು ತಡೆದು ಬಿಡುತ್ತೇನೆ. ಅನಂತರ ಬಾಯಿ ತೆರೆದು, ಕನ್ನಡಕದ ಗಾಜು ಒರೆಸುವ ಮೊದಲು ಅದರ ಮೇಲೆ ಹಬೆ ಹಿಡಿಸುತ್ತೇವಲ್ಲ, ಹಾಗೆ ‘ಹಾ’ ಎಂದು ಗಾಳಿಯನ್ನು ದಬ್ಬುತ್ತೇನೆ. ಎರಡು ಬಾರಿ ಹೀಗೆ ಮಾಡಿದರೆ ಕಫ ಮೇಲಕ್ಕೆ ಸರಿಯುವ ಗೊರಗೊರ ಸದ್ದು ನನಗೇ ಕೇಳಿಸುತ್ತದೆ, ಆಗ ಒಂದೇ ಕೆಮ್ಮಿಗೆ ಅದು ಬೀಳುತ್ತದೆ. ಬೆಳಿಗ್ಗೆ ತಿಂಡಿಗೆ ಮೊದಲು ಕಾಲು ಗಂಟೆ, ಸಂಜೆ ಕಾಲು ಗಂಟೆ. ಮೊದಲು ನಾನು ಮುಖ ಕೆಂಪಾಗುವವರೆಗೆ ಕುಕ್ಕಿ ಕುಕ್ಕಿ ಕೆಮ್ಮಿ, ಒಮ್ಮೆ ಕಣ್ಣು ಕತ್ತಲಿಟ್ಟು ಬಚ್ಚಲಿನಲ್ಲಿ ಕುಸಿದಿದ್ದೆ. ತಲೆಯನ್ನು ಕೆಳಗೆ ಮಾಡಿ ಮಲಗಿಸಿ ಬೆನ್ನು ತಟ್ಟುವ ಹಳೆಯ ಕ್ರಮವೊಂದಿದೆ. ಪಂಪಿಂಗ್ ಕಡಿಮೆ ಇರುವವರಿಗೆ ಅದು ಆಗದು, ಯಾರೇ ಹೇಳಿದರೂ ಮಾಡಿಸಬೇಡಿ.

ತಂದೆಯವರು ರಕ್ತ ತೆಳುವಾಗುವ ಅಸಿಟ್ರೋಮ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೊಂದು ಮಾತು. ಕಫಕ್ಕೆಂದು ಕೊಟ್ಟ ಆಂಟಿಬಯೋಟಿಕ್ ಈ ಮಾತ್ರೆಯ ಪ್ರಭಾವವನ್ನು ಏರಿಸಬಹುದು. ನನಗೆ ಹಾಗಾಗಿ, ಐದನೆಯ ದಿನ ಮೂಗಿನಿಂದ ರಕ್ತ ನಿಲ್ಲಲಿಲ್ಲ. ಈಗ ಆಂಟಿಬಯೋಟಿಕ್ ಶುರುವಾದ ಮೂರು ನಾಲ್ಕು ದಿನಕ್ಕೇ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಪರೀಕ್ಷೆಯಾದ ಐಎನ್‌ಆರ್ ಮಾಡಿಸುತ್ತೇನೆ.

ಬೆಳಗಾವಿಯಿಂದ ಒಬ್ಬರು

ನಮ್ಮ ಅತ್ತೆಯವರಿಗೂ ಹೃದಯದ ತೊಂದರೆಯಿತ್ತು. ದಿನಕ್ಕೆ ಎರಡು ತಂಬಿಗೆ ಬಿಸಿನೀರು, ಜೊತೆಗೆ ಜ್ಯೇಷ್ಠಮಧು ಮತ್ತು ಹಿಪ್ಪಲಿಯ ಕಷಾಯ ಕೊಟ್ಟು ಕಫ ಕರಗಿಸಿದೆವು, ಏನೂ ಆಗಲಿಲ್ಲ. ಮನೆಮದ್ದಿಗೆ ಇಷ್ಟು ಅಂಜುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ.

ಮಂಗಳೂರಿನಿಂದ, ನಿವೃತ್ತ ನರ್ಸ್

ಬೆಳಗಾವಿಯವರ ಅತ್ತೆಯವರಿಗೆ ಏನೂ ಆಗದಿದ್ದದ್ದು ಸಂತೋಷದ ವಿಷಯ, ಆದರೆ ಆ ಸಲಹೆಯನ್ನು ನಾನು ಒಪ್ಪಲಾರೆ. ಜ್ಯೇಷ್ಠಮಧುವನ್ನು ದಿನವೂ ತೆಗೆದುಕೊಂಡರೆ ಅದರಲ್ಲಿರುವ ಸಿಹಿಯ ಸತ್ವ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ಪೊಟ್ಯಾಶಿಯಂ ಅನ್ನು ಹೊರಹಾಕಿಸುತ್ತದೆ. ಲೇಸಿಕ್ಸ್ ಕೂಡ ಪೊಟ್ಯಾಶಿಯಂ ಇಳಿಸುವ ಮಾತ್ರೆಯೇ. ಎರಡೂ ಸೇರಿ ಅದು ತೀರ ಇಳಿದರೆ ಹೃದಯದ ಬಡಿತದ ಲಯ ತಪ್ಪುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಆರೋಗ್ಯವಂತರು ಗಂಟಲು ಕೆರೆತಕ್ಕೆ ಒಂದು ಚೂರು ಬಾಯಲ್ಲಿಟ್ಟುಕೊಳ್ಳುವುದು ಬೇರೆ, ಹೃದಯ ಸೋತವರಿಗೆ ತಿಂಗಳುಗಟ್ಟಲೆ ಕಷಾಯ ಕುಡಿಸುವುದು ಬೇರೆ.

ನೀರಿನ ಬಗ್ಗೆ: ವೈದ್ಯರು ಒಂದೂವರೆ ಲೀಟರ್ ಎಂದಿದ್ದರೆ ಕಾಫಿ, ಮಜ್ಜಿಗೆ, ಸಾರು, ಗಂಜಿ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ. ಬೆಳಿಗ್ಗೆ ಒಂದು ಪಾತ್ರೆಯಲ್ಲಿ ಅಳೆದಿಟ್ಟು, ಅದರಿಂದಲೇ ಬಿಸಿ ಮಾಡಿ ಗುಟುಕು ಗುಟುಕಾಗಿ ಕೊಡಿ; ಗಂಟಲಿಗೆ ಹಿತವಾಗುವುದು ಬಿಸಿಯಿಂದ, ತಂಬಿಗೆಯ ಗಾತ್ರದಿಂದಲ್ಲ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬಹುದು, ನುಂಗಬಾರದು.

ಅಂಗಡಿಯಿಂದ ತಾವೇ ತರುವ ಔಷಧಿಗಳ ಮೇಲೆ ಕಣ್ಣಿಡಿ. ಮೂಗು ಕಟ್ಟಿದ್ದನ್ನು ಬಿಡಿಸುವ ಫಿನೈಲೆಫ್ರಿನ್ ಸೇರಿದ ಸಿರಪ್ ಮತ್ತು ಶೀತದ ಮಾತ್ರೆಗಳು ರಕ್ತದೊತ್ತಡ ಏರಿಸುತ್ತವೆ. ಕೆಮ್ಮಿ ಕೆಮ್ಮಿ ಪಕ್ಕೆ ನೋಯುತ್ತದೆಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಮೈಯಲ್ಲಿ ನೀರು ನಿಲ್ಲಿಸುತ್ತವೆ, ಮತ್ತು ಆ ನೀರೇ ಮತ್ತೆ ಕೆಮ್ಮಾಗುತ್ತದೆ. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ರಾಮಿಪ್ರಿಲ್, ಎನಲಾಪ್ರಿಲ್ ಗುಂಪಿನ ಮಾತ್ರೆಗಳಿಂದಲೂ ಕೆಮ್ಮು ಬರುತ್ತದೆ, ಆದರೆ ಅದು ಗಂಟಲು ಕೆರೆಯುವ ಒಣ ಕೆಮ್ಮು. ನೀವು ಹೇಳುವ ಕಫಕ್ಕೆ ಅದೊಂದೇ ಕಾರಣವಾಗಿರಲಾರದು. ಅಂಥ ಮಾತ್ರೆಯಿದ್ದರೆ ಬದಲಿ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಕಫ ಗುಲಾಬಿ ಬಣ್ಣದ ನೊರೆಯಾಗಿ ಬಂದರೆ, ಅಥವಾ ಮಲಗಿದವರು ಉಸಿರು ಸಿಕ್ಕದೆ ಎದ್ದು ಕುಳಿತು ಬೆವರತೊಡಗಿದರೆ ಬೆಳಗಾಗಲೆಂದು ಕಾಯಬಾರದು. ಕಾಲು ಕೆಳಗೆ ಬಿಟ್ಟು ಕೂರಿಸಿ 108ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ಬಳಿಕ

ಬರೆದ ಎಲ್ಲರಿಗೂ ನಮಸ್ಕಾರಗಳು. ಹಾಸನದ ಅಕ್ಕನವರು ಹೇಳಿದಂತೆ ಪುಸ್ತಕ ಬರೆಯಲು ಕುಳಿತ ಮೇಲೆ ನನಗೆ ತಿಳಿದದ್ದೇನೆಂದರೆ, ಅಪ್ಪನಿಗೆ ಇದ್ದದ್ದು ಎರಡು ಕೆಮ್ಮು. ರಾತ್ರಿಯದು ತೆಳುವಾದ ನೊರೆಯ ಕಫದ್ದು, ತೂಕ ಏರಿದ ದಿನಗಳಲ್ಲಷ್ಟೇ ಬರುತ್ತದೆ. ಬೆಳಗಿನದು ಗಟ್ಟಿ ಕಫದ್ದು, ದಿನವೂ ಬರುತ್ತದೆ, ಅದರಲ್ಲೂ ಬಚ್ಚಲ ಒಲೆಯ ಮುಂದೆ ಕುಳಿತು ಸೌದೆ ಒಟ್ಟಿ ಎದ್ದ ಮೇಲೆ. ಇಬ್ಬರು ವೈದ್ಯರೂ ತಮಗೆ ಕಂಡ ಅರ್ಧವನ್ನೇ ಹೇಳುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಕಫದ ಪರೀಕ್ಷೆಯಲ್ಲಿ ಕ್ಷಯವಿಲ್ಲವೆಂದು ಬಂತು. ಊದುವ ಪರೀಕ್ಷೆಯಲ್ಲಿ ಶ್ವಾಸನಾಳಗಳು ಕಿರಿದಾಗಿರುವುದು ಕಂಡಿತು. ಬೀಡಿ ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಅದರ ಕೊಡುಗೆಯೂ ಒಲೆಯ ಹೊಗೆಯ ಕೊಡುಗೆಯೂ ಸೇರಿ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ, ಆಗಿದೆ ಎಂದರು. ಇನ್‌ಹೇಲರ್ ಕೊಟ್ಟಿದ್ದಾರೆ, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕಂತೆ. ಲೇಸಿಕ್ಸ್ ಸ್ವಲ್ಪ ಹೆಚ್ಚಿಸಿದ್ದಾರೆ. ರಕ್ತದಲ್ಲಿ ಪೊಟ್ಯಾಶಿಯಂ ಕಡಿಮೆಯೆಂದು ಬಂದಾಗ ನಾನು ಅಡುಗೆಮನೆಯ ಡಬ್ಬಗಳನ್ನು ನೋಡಿದೆ. ಅಮ್ಮ ಎರಡು ತಿಂಗಳಿಂದ ಯಾರಿಗೂ ಹೇಳದೆ ಕಷಾಯಕ್ಕೆ ಜ್ಯೇಷ್ಠಮಧು ಹಾಕುತ್ತಿದ್ದರು. ಬೈಯಲು ಬಾಯಿ ಬರಲಿಲ್ಲ, ಈಗ ಅದರ ಬದಲು ಶುಂಠಿ ಹಾಕಿದ ಅರ್ಧ ಲೋಟ ಬಿಸಿನೀರು, ಅಳತೆಯ ಪಾತ್ರೆಯಿಂದಲೇ. ಮೈಸೂರಿನ ಮೇಷ್ಟ್ರ ‘ಹಾ’ ಅಭ್ಯಾಸವನ್ನು ಅಪ್ಪ ನಾಲ್ಕು ದಿನ ನಾಚಿಕೊಂಡು, ಐದನೆಯ ದಿನದಿಂದ ತಾವೇ ಜಗಲಿಯಲ್ಲಿ ಕುಳಿತು ಮಾಡುತ್ತಿದ್ದಾರೆ. ಒಲೆಯ ಕೆಲಸವನ್ನು ಮಾತ್ರ ಬಿಟ್ಟುಕೊಡಲು ಇನ್ನೂ ಒಪ್ಪಿಲ್ಲ.

ಅಕ್ಕ, ಮಂಚದ ಕೆಳಗೆ ಇಟ್ಟಿಗೆಯನ್ನು ಎಷ್ಟು ಎತ್ತರ ಇಟ್ಟಿರಿ? ಎರಡು ಇಟ್ಟಾಗ ಅಪ್ಪ ಕಾಲಿನ ಕಡೆಗೆ ಜಾರಿಬಿಟ್ಟರು.

ಹಾಸನದಿಂದ

ಎರಡು ಹೆಚ್ಚಾಯಿತು, ತಂಗಿ. ನಾವು ಇಟ್ಟದ್ದು ಒಂದೊಂದು ಇಟ್ಟಿಗೆ, ಅದನ್ನು ಪಕ್ಕಕ್ಕೆ ನಿಲ್ಲಿಸದೆ ಅಡ್ಡಲಾಗಿ ಮಲಗಿಸಿ, ಮೇಲೆ ಹಳೆಯ ಸೈಕಲ್ ಟೈರಿನ ತುಂಡು. ಇನ್ನೂ ಎತ್ತರ ಬೇಕೆನಿಸಿದರೆ ಬೆನ್ನಿನ ಕೆಳಗೆ ಒಂದು ದಿಂಬು ಸೇರಿಸಿ, ಮೊಣಕಾಲಿನ ಕೆಳಗೆ ಸುತ್ತಿದ ಜಮಖಾನೆ ಇಡಿ, ಆಗ ಜಾರುವುದಿಲ್ಲ.